ಎಡಗೈ ಹೆಂಗೆ ಹಿಡಿತಾನೆ?

ಎಲ್ಲ ಕೇಳುಗರಿಗೂ ನಮಸ್ಕಾರ.

ನಾನು ಬಳ್ಳಾರಿಯ ಕೌಲ್ ಬಜಾರಿನವನು, ಕಸುಬು ಜೀನ್ಸ್ ಹೊಲಿಯುವುದು. ಇಪ್ಪತ್ತು ವರ್ಷಕ್ಕೂ ಹಿಂದಿನ ಒಂದು ರಾತ್ರಿಯ ನೆನಪನ್ನು ಇವತ್ತು ನಿಮ್ಮ ಮುಂದೆ ಹೇಳಿಕೊಳ್ಳಬೇಕೆಂದು ಬಂದಿದ್ದೇನೆ. 2003ರ ಏಪ್ರಿಲ್ 4, ಶುಕ್ರವಾರ. ಯುಗಾದಿ ಕಳೆದು ಎರಡು ದಿನವಾಗಿತ್ತು. ಅವತ್ತು ಬೆಂಗಳೂರಿನ ಅರಮನೆ ಮೈದಾನದಲ್ಲಿ ಇಂಗ್ಲೆಂಡಿನ ರೋಲಿಂಗ್ ಸ್ಟೋನ್ಸ್ ಬ್ಯಾಂಡಿನವರು ಹಾಡಿದರು. ಭಾರತದಲ್ಲಿ ಅದು ಅವರ ಮೊಟ್ಟಮೊದಲ ಕಾರ್ಯಕ್ರಮ. ನಾವು ನಾಲ್ಕು ಜನ ಗೆಳೆಯರು ಹೋಗಿದ್ದೆವು.

ಕೌಲ್ ಬಜಾರಿನ ದರ್ಜಿಗೂ ಆ ಹಾಡಿಗೂ ಎಲ್ಲಿಯ ನಂಟು ಎಂದು ಬಹಳ ಜನ ಕೇಳಿದ್ದಾರೆ. ನಂಟು ಎರಡು ಕಡೆಯಿಂದ ಬಂತು. ಒಂದು, ನಮ್ಮಪ್ಪ. ಅಪ್ಪ ಮದುವೆ ಬ್ಯಾಂಡಿನಲ್ಲಿ ಸೈಡ್ ಡ್ರಮ್ ಬಾರಿಸುತ್ತಿದ್ದರು. ನಮ್ಮೂರು ಬ್ರಿಟಿಷರ ಕಾಲದ ಕಂಟೋನ್ಮೆಂಟ್ ಊರು. ಸಿಪಾಯಿಗಳಿಗೆ ಸಮವಸ್ತ್ರ ಹೊಲಿದುಕೊಟ್ಟವರ ಮಕ್ಕಳು, ಮೊಮ್ಮಕ್ಕಳೇ ಮುಂದೆ ಜೀನ್ಸಿಗೆ ಕೈಹಾಕಿದರು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಡ್ರಮ್ಮು, ಕ್ಲಾರಿಯೊನೆಟ್ಟುಗಳೂ ಪಲ್ಟನ್ನಿನ ಬ್ಯಾಂಡಿನಿಂದಲೇ ಮದುವೆ ಮೆರವಣಿಗೆಗೆ ಇಳಿದು ಬಂದವು. ಹಾಗಾಗಿ ಮಷೀನಿನ ಸದ್ದು, ಡ್ರಮ್ಮಿನ ಸದ್ದು ಎರಡೂ ನಮ್ಮ ಮನೆಯವೇ.

ಇನ್ನೊಂದು ಕಡೆಯಿಂದ ತಂದವರು ದೋಣಿಮಲೈ ಗಣಿಯ ಒಬ್ಬ ಇಂಜಿನಿಯರು, ಕಲ್ಕತ್ತೆಯವರು. ನಾನು ಆಗಿನ್ನೂ ಬೇರೆಯವರ ಅಂಗಡಿಯಲ್ಲಿ ಮಷೀನಿಗೆ ಕೂರುತ್ತಿದ್ದೆ. ಒಂದು ದಿನ ಅವರು ಪ್ಯಾಂಟಿನ ಅಳತೆ ಕೊಡಲು ಬಂದವರು ಚೀಲದಿಂದ ಈ ಬ್ಯಾಂಡಿನದೇ ಹಳೆಯದೊಂದು ರೆಕಾರ್ಡು ತೆಗೆದರು. ವಿದೇಶದಿಂದ ತರಿಸಿಕೊಂಡದ್ದು, 1971ರದು. ಹೊದಿಕೆಯ ಮೇಲೆ ಜೀನ್ಸ್ ತೊಟ್ಟ ಸೊಂಟದ ಚಿತ್ರ, ಅದಕ್ಕೆ ನಿಜವಾದ ಜಿಪ್ಪು! ಎಳೆದರೆ ಕೆಳಗಿಳಿಯುತ್ತದೆ. ಅಂಗಡಿಯವರೆಲ್ಲ ಮಷೀನು ನಿಲ್ಲಿಸಿ ಎದ್ದು ಬಂದೆವು. ಅದರ ಕತೆಯನ್ನೂ ಅವರೇ ಹೇಳಿದರು. ರೆಕಾರ್ಡುಗಳನ್ನು ಒಂದರ ಮೇಲೊಂದು ಪೇರಿಸಿ ಸಾಗಿಸುವಾಗ ಜಿಪ್ಪು ಒತ್ತಿ ಪಕ್ಕದ ರೆಕಾರ್ಡು ಹಾಳಾಗುತ್ತಿತ್ತಂತೆ. ಕಡೆಗೆ ಜಿಪ್ಪನ್ನು ಅರ್ಧದವರೆಗೆ ಇಳಿಸಿ ಕಳಿಸಲು ಶುರುಮಾಡಿದರಂತೆ, ಒತ್ತು ಬಿದ್ದರೂ ನಡುವಿನ ಲೇಬಲ್ಲಿನ ಮೇಲೆ ಬೀಳಲಿ, ಹಾಡಿನ ಗೆರೆಗಳಿಗೆ ತಾಗದಿರಲಿ ಎಂದು. ನಮ್ಮ ಕಟಿಂಗ್ ಮಾಸ್ಟರು ಇದನ್ನು ಕೇಳಿ, "ಇದು ದರ್ಜಿ ತಲೆ" ಎಂದರು. ಇಂಜಿನಿಯರು ಹೋಗುವಾಗ ಎರಡು ಕ್ಯಾಸೆಟ್ಟು ಬಿಟ್ಟುಹೋದರು. ಅವು ಟೇಪು ಸವೆಯುವ ತನಕ ನಮ್ಮ ಅಂಗಡಿಯಲ್ಲಿ ತಿರುಗಿದವು.

ಇಂಗ್ಲಿಷ್ ಪದಗಳು ನನಗೆ ಅರ್ಧ ತಿಳಿಯುತ್ತಿರಲಿಲ್ಲ. ಕಿವಿ ಹೋಗುತ್ತಿದ್ದದ್ದು ಡ್ರಮ್ಮಿನ ಕಡೆಗೆ. ಅದರಲ್ಲಿ ಆತುರವೇ ಇರಲಿಲ್ಲ. ಗಿಟಾರು ಮುಂದೆ ಓಡಿದರೂ ಡ್ರಮ್ಮು ಒಂದು ಕೂದಲಿನಷ್ಟು ಹಿಂದೆ ನಿಂತು, ಬಾ ಎಂದು ಕೈಹಿಡಿದು ನಡೆಸಿದ ಹಾಗೆ. ಬಾರಿಸುವವನ ಹೆಸರು ಚಾರ್ಲಿ ವಾಟ್ಸ್ ಎಂದು ಕ್ಯಾಸೆಟ್ಟಿನ ಚೀಟಿಯಲ್ಲಿ ಓದಿಕೊಂಡೆ.

ಅವರು ಬೆಂಗಳೂರಿಗೆ ಬರುತ್ತಾರೆಂದು ಪೇಪರಿನಲ್ಲಿ ಬಂದಾಗ ಹೋಗುವುದೆಂದು ನಿಶ್ಚಯಿಸಿದವರು ನಾನು, ಕಟಿಂಗ್ ಮಾಸ್ಟರು, ಒಬ್ಬ ಹೈಸ್ಕೂಲ್ ಮೇಷ್ಟ್ರು, ಮತ್ತೆ ಗುಂತಕಲ್ಲಿನಲ್ಲಿ ರೈಲ್ವೆ ನೌಕರಿಯಲ್ಲಿದ್ದ ಬಾಲ್ಯದ ಗೆಳೆಯ. ಓವರ್‌ಲಾಕ್ ಮಷೀನಿಗೆಂದು ಕೂಡಿಟ್ಟ ದುಡ್ಡಿನಲ್ಲಿ ಟಿಕೆಟ್ಟು ತರಿಸಿದೆ. ಮನೆಯಲ್ಲಿ ಮಾತು ಬಂತು. ಆದರೂ ಇವತ್ತಿಗೂ ಆ ಖರ್ಚಿನ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ. ಅದೇ ಹೊತ್ತಿಗೆ ಸಾರ್ಸ್ ಜ್ವರದ ಭಯ. ಹಾಂಗ್‌ಕಾಂಗ್, ಶಾಂಘೈ, ಬೀಜಿಂಗ್ ಕಾರ್ಯಕ್ರಮಗಳು ಒಂದಾದ ಮೇಲೊಂದು ನಿಂತುಹೋದವು. ನಮ್ಮದೂ ನಿಲ್ಲುತ್ತದೇನೋ ಎಂದು ದಿನಾ ಬೆಳಿಗ್ಗೆ ಪೇಪರು ತೆರೆಯುವಾಗ ಎದೆ ಹೊಡೆದುಕೊಳ್ಳುತ್ತಿತ್ತು.

ಗುರುವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್ಸಿಗೆ ಕಾಯುತ್ತ ಪ್ಲಾಟ್‌ಫಾರಂ ಮೇಲೆ ಕೂತಿದ್ದಾಗ ಮೇಷ್ಟ್ರು ಒಂದು ಸಂಗತಿ ಹೇಳಿದರು. ಆ ಬ್ಯಾಂಡು ಹುಟ್ಟಿದ್ದೂ ಒಂದು ರೈಲು ಪ್ಲಾಟ್‌ಫಾರಂ ಮೇಲೆಯೇ. 1961ರ ಅಕ್ಟೋಬರಿನಲ್ಲಿ, ಲಂಡನ್ನಿನ ಹತ್ತಿರದ ಡಾರ್ಟ್‌ಫರ್ಡ್ ಎಂಬ ಊರಿನಲ್ಲಿ. ಸಣ್ಣವರಿದ್ದಾಗ ಒಂದೇ ಶಾಲೆಯಲ್ಲಿದ್ದ, ಮುಂದೆ ಬ್ಯಾಂಡಿನಲ್ಲಿ ಹಾಡಿದ ಮಿಕ್ ಜಾಗರ್ ಮತ್ತು ಗಿಟಾರು ಬಾರಿಸಿದ ಕೀತ್ ರಿಚರ್ಡ್ಸ್ ಎಷ್ಟೋ ವರ್ಷದ ಮೇಲೆ ಅಲ್ಲಿ ಎದುರಾದರು. ಜಾಗರನ ಕಂಕುಳಲ್ಲಿ ಅಮೆರಿಕದಿಂದ ತರಿಸಿದ ರೆಕಾರ್ಡುಗಳು, ಚಕ್ ಬೆರಿಯದು, ಮಡ್ಡಿ ವಾಟರ್ಸನದು. ಅದನ್ನು ನೋಡಿಯೇ ಮಾತಿಗೆ ಮಾತು ಬೆಳೆಯಿತು. ಮುಂದಿನ ವರ್ಷ ಬ್ಯಾಂಡು ಕಟ್ಟಿದಾಗ ಹೆಸರನ್ನೂ ಮಡ್ಡಿ ವಾಟರ್ಸನ ಹಾಡಿನಿಂದಲೇ ತೆಗೆದುಕೊಂಡರು.

ಈ ಮಡ್ಡಿ ವಾಟರ್ಸ್ ಮಿಸಿಸಿಪ್ಪಿಯ ಹತ್ತಿ ಹೊಲಗಳಲ್ಲಿ ಕೂಲಿ ಮಾಡಿದ ಕಪ್ಪು ಮನುಷ್ಯ. ಆ ಮಾತು ಕೇಳಿದಾಗ ನನಗೆ ಅವ್ವನ ತವರು ಕಣ್ಣಿಗೆ ಕಟ್ಟಿತು. ರಾಯಚೂರು ಸೀಮೆಯ ಎರೆಹೊಲ, ಉಡಿ ಕಟ್ಟಿಕೊಂಡು ಸಾಲುಹಿಡಿದು ಹತ್ತಿ ಬಿಡಿಸುವ ಹೆಂಗಸರು, ಒಬ್ಬಾಕೆ ಎತ್ತಿದ ಪದಕ್ಕೆ ಉಳಿದವರು ಸೊಲ್ಲು ಸೇರಿಸುವುದು. ಹತ್ತಿ ಹೊಲದಲ್ಲಿ ಹುಟ್ಟಿದ ಹಾಡು ಇಂಗ್ಲೆಂಡಿಗೆ ಹೋಯಿತು, ಹತ್ತಿಯ ಬಟ್ಟೆ ಜೀನ್ಸಾಗಿ ನನ್ನ ಮಷೀನಿನ ಕೆಳಗೆ ಬಂತು. ರೈಲಿನಲ್ಲಿ ಮಲಗಿದರೂ ಇದೇ ತಲೆಯಲ್ಲಿ. ಆಮೇಲೆ ಎಷ್ಟೋ ವರ್ಷಕ್ಕೆ ನನಗೆ ತಿಳಿಯಿತು, ಮಡ್ಡಿ ವಾಟರ್ಸ್ ಹುಟ್ಟಿದ್ದೂ ಏಪ್ರಿಲ್ 4ನೇ ತಾರೀಕೇ.

ನಡುರಾತ್ರಿ ಗುಂತಕಲ್ಲಿನಲ್ಲಿ ರೈಲ್ವೆ ಗೆಳೆಯ ಹತ್ತಿದ. ಕೊರಳಲ್ಲಿ ದುರ್ಬೀನು. ನಮಗೆ ಸಿಕ್ಕಿದ ಟಿಕೆಟ್ಟು ಹಿಂದಿನದು ಎಂದು ಗೊತ್ತಿದ್ದು ಯಾರಿಂದಲೋ ಕೇಳಿ ತಂದಿದ್ದ. ಆ ದುರ್ಬೀನು ಇಲ್ಲದಿದ್ದರೆ ನಾನು ಇವತ್ತು ಇಲ್ಲಿ ಕೂತು ಮಾತಾಡುತ್ತಿರಲಿಲ್ಲ.

ಸಂಜೆ ಮಳೆ ಬಂತು. ನಿಮಗೆ ನೆನಪಿರಬಹುದು, ನಮ್ಮ ಕಡೆ ಆಗ ಬರದ ಮೇಲೆ ಬರ. ಊರು ಬಿಡುವಾಗ ಕಾದ ಹೆಂಚಿನಂಥ ಬಿಸಿಲು. ಮೈದಾನದಲ್ಲಿ ಎಷ್ಟೋ ಮಂದಿ ತಲೆ ಮೇಲೆ ಪ್ಲಾಸ್ಟಿಕ್ಕು ಹಿಡಿದು ಅತ್ತಿತ್ತ ಓಡಿದರು. ನಾವು ನಾಲ್ವರು ನಿಂತ ಜಾಗದಲ್ಲೇ ನಿಂತೆವು. ಕಟಿಂಗ್ ಮಾಸ್ಟರು ಮುಖ ಮೇಲೆತ್ತಿ ಕಣ್ಣುಮುಚ್ಚಿದ್ದರು. ಸಂಗೀತ ಕೇಳಲು ಬಂದವರಿಗೆ ಮೊದಲು ಸಿಕ್ಕಿದ್ದು ಮಳೆ.

ಆಮೇಲೆ ಅವರು ಬಂದರು. ಜಾಗರನಿಗೆ ಆಗ 59. ವೇದಿಕೆಯ ಈ ತುದಿಯಿಂದ ಆ ತುದಿಗೆ ಓಡುತ್ತಾನೆ, ಸೊಂಟ ತಿರುಗಿಸುತ್ತಾನೆ, ಮತ್ತೆ ಓಡುತ್ತಾನೆ. ಆ ದಿನಗಳಲ್ಲಿ ನಮ್ಮ ರಾಜ್ಯ ಸರ್ಕಾರದ ನೌಕರರಿಗೆ ನಿವೃತ್ತಿ 58ಕ್ಕೆ. ನಿವೃತ್ತಿ ಹತ್ತಿರವಿದ್ದ ನಮ್ಮ ಮೇಷ್ಟ್ರು ನನ್ನ ತೋಳು ಹಿಡಿದು, "ಈತ ರಿಟೈರಾಗಿ ವರ್ಷ ಆಯ್ತು ನೋಡಪ್ಪಾ" ಅಂದರು. ದನಿ ನಡುಗುತ್ತಿತ್ತು. ಮಳೆಯ ಚಳಿಗೋ, ಬೇರೆ ಯಾವುದಕ್ಕೋ, ನಾನು ಕೇಳಲಿಲ್ಲ.

ಜಾಗರನ ದನಿ ಕ್ಯಾಸೆಟ್ಟಿನಲ್ಲಿದ್ದ ದನಿಯಾಗಿರಲಿಲ್ಲ. ಮೇಲಿನ ಸ್ವರ ತೆಳ್ಳಗಾಗಿತ್ತು, ಕೆಲವು ಕಡೆ ಹಾಡಬೇಕಾದ್ದನ್ನು ಆಡಿ ಮುಗಿಸಿದ. ಕೀತ್ ರಿಚರ್ಡ್ಸನ ಬೆರಳು ಒಂದೆರಡು ಕಡೆ ತಡವರಿಸಿತು ಅಂತಲೇ ನನಗೆ ಕೇಳಿತು. ಇದನ್ನು ಮುಚ್ಚಿಡುವುದು ಬೇಡ. ಆದರೆ ನನ್ನ ಸರದಿಗೆ ದುರ್ಬೀನು ಬಂದಾಗ ನಾನು ತಿರುಗಿಸಿದ್ದು ಹಿಂದೆ ಕೂತಿದ್ದ ಚಾರ್ಲಿಯ ಕಡೆಗೆ. 61 ವರ್ಷ, ಬಿಳಿ ಕೂದಲು, ಎದುರಿಗೆ ನಾಲ್ಕೇ ನಾಲ್ಕು ಡ್ರಮ್ಮು, ಮೇಲೆ ಕೆಲವು ಕಂಚಿನ ತಾಳ. ಈಗಿನ ಹುಡುಗರು ಸುತ್ತಲೂ ಕೋಟೆ ಕಟ್ಟಿದ ಹಾಗೆ ಡ್ರಮ್ಮು ಜೋಡಿಸಿಕೊಳ್ಳುತ್ತಾರಲ್ಲ, ಆ ಥರ ಇಲ್ಲವೇ ಇಲ್ಲ. ಲಂಡನ್ನಿನ ಸ್ಯಾವಿಲ್ ರೋನ ದರ್ಜಿಗಳ ಹತ್ತಿರ ಸೂಟು ಹೊಲಿಸಿಕೊಳ್ಳುವ ಶೋಕಿ ಇದ್ದ ಮನುಷ್ಯ, ಡ್ರಮ್ಮಿನ ಮುಂದೆ ಮಾತ್ರ ಸಾದಾ ಬಟ್ಟೆಯಲ್ಲಿ ಕೂರುತ್ತಿದ್ದ.

ಆಗ ಅವನ ಎಡಗೈ ಕಂಡಿತು. ಅಂಗೈ ಮೇಲಾಗಿ, ಕಡ್ಡಿ ಹೆಬ್ಬೆರಳಿನ ಸಂದಿಯಲ್ಲಿ, ಅದರ ಕೆಳಗೆ ಉಂಗುರ ಬೆರಳಿನ ಆಸರೆ. ನಮ್ಮಪ್ಪನ ಕೈ! ರಾಕ್ ಬಾರಿಸುವವರಲ್ಲಿ ಹೆಚ್ಚಿನವರು ಎರಡು ಕಡ್ಡಿಯನ್ನೂ ಸುತ್ತಿಗೆಯ ಹಾಗೆ ಒಂದೇ ಥರ ಹಿಡಿಯುತ್ತಾರೆ. ಈ ಹಿಡಿತ ಹಳೇ ಪಲ್ಟನ್ನಿನದು. ಡ್ರಮ್ಮನ್ನು ಪಟ್ಟಿಯಿಂದ ಹೆಗಲಿಗೆ ಜೋತು ಹಾಕಿಕೊಂಡು ನಡೆಯುವಾಗ ಅದು ಒಂದು ಬದಿಗೆ ಓರೆಯಾಗುತ್ತದೆ. ಎಡಗೈ ಕೆಳಗಿನಿಂದ ಬಂದರೆ ಮಾತ್ರ ಏಟು ಸರಿಯಾಗಿ ಬೀಳುತ್ತದೆ. ಪಲ್ಟನ್ನಿನಿಂದ ಅದು ಜಾಜ್ ಸಂಗೀತಕ್ಕೆ ಹೋಯಿತು, ಜಾಜ್ ಎಂದರೆ ಪ್ರಾಣ ಬಿಡುತ್ತಿದ್ದ ಚಾರ್ಲಿ ಅಲ್ಲಿಂದ ಕಲಿತ. ಅದೇ ಹಿಡಿತ ಇನ್ನೊಂದು ದಾರಿ ಹಿಡಿದು ಬಳ್ಳಾರಿಯ ಕಂಟೋನ್ಮೆಂಟಿಗೆ ಬಂತು, ಅಪ್ಪನ ಉಸ್ತಾದರ ಕೈಗೆ ಬಂತು, ಅಪ್ಪನಿಗೆ ಬಂತು.

ಇನ್ನೂ ಒಂದು ಕಂಡೆ. ನಾಲ್ಕು ಎಣಿಕೆಯ ತಾಳದಲ್ಲಿ ಎರಡನೇದಕ್ಕೂ ನಾಲ್ಕನೇದಕ್ಕೂ ಎಡಗೈಯ ಗಟ್ಟಿ ಏಟು. ಬಲಗೈ ಜೋಡಿ ಕಂಚಿನ ತಾಳದ ಮೇಲೆ ಬಿಡದೆ ಬಾರಿಸುತ್ತಿರಬೇಕು, ಹೆಚ್ಚಿನವರು ಹಾಗೇ ಮಾಡುವುದು. ಚಾರ್ಲಿ ಮಾತ್ರ ಎಡಗೈ ಏಟು ಬೀಳುವ ಆ ಕ್ಷಣಕ್ಕೆ ಬಲಗೈಯನ್ನು ಮೇಲೆ ಎತ್ತಿಬಿಡುತ್ತಾನೆ. ಒಂದು ಏಟು ಬಿಡುತ್ತಾನೆ. ಎರಡು ಗಂಟೆ, ಪ್ರತಿ ಹಾಡಿನಲ್ಲೂ ಎತ್ತುತ್ತಲೇ ಇದ್ದ. ಕ್ಯಾಸೆಟ್ಟಿನಲ್ಲಿ ಅಷ್ಟು ವರ್ಷ ಕೇಳಿದ್ದೆ, ಆ ಬಿಡುವು ನನ್ನ ಕಿವಿಗೆ ಸಿಕ್ಕಿರಲಿಲ್ಲ. ಕಣ್ಣಿಗೆ ಸಿಕ್ಕಿತು. ಗೆಳೆಯ "ಕೊಡೋ, ಕೊಡೋ" ಎಂದು ದುರ್ಬೀನು ಎಳೆಯುತ್ತಿದ್ದ. ನನ್ನ ಕೈ ಬಿಡಲು ಒಪ್ಪಲಿಲ್ಲ.

ಮರುದಿನ ರಾತ್ರಿ ಹೊರಟು ಭಾನುವಾರ ಬೆಳಿಗ್ಗೆ ಊರಿಗೆ ಬಂದೆ. ಅಪ್ಪ ಕಟ್ಟೆ ಮೇಲೆ ಕೂತಿದ್ದರು. ಮದುವೆ ಮೆರವಣಿಗೆಗೆ ಗಾಡಿ ಮೇಲೆ ಕೀಬೋರ್ಡು, ದೊಡ್ಡ ಸ್ಪೀಕರು ಬಂದ ಮೇಲೆ ಅವರನ್ನು ಕರೆಯುವುದು ನಿಂತು ನಾಲ್ಕೈದು ವರ್ಷವಾಗಿತ್ತು. ಡ್ರಮ್ಮು ಅಟ್ಟದ ಮೇಲಿತ್ತು. ಹಾಡು ಹೆಂಗಿತ್ತು, ಜನ ಎಷ್ಟಿದ್ದರು, ಒಂದನ್ನೂ ಕೇಳಲಿಲ್ಲ.

"ಡ್ರಮ್ ಬಾರಿಸೋನು ಎಡಗೈ ಹೆಂಗೆ ಹಿಡಿತಾನೆ?"

"ನಿನ್ನಂಗೇ ಅಪ್ಪಾ."

"ವಯಸ್ಸೆಷ್ಟು?"

"ಅರವತ್ತೊಂದು."

"ನನ್ನ ವಾರಿಗೆಯೋನು" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನಾನು ಬಲಗೈ ಎತ್ತುವುದನ್ನು ತೋರಿಸಿದೆ. ಒಳಗಿಂದ ಕಡ್ಡಿ ತರಿಸಿ, ಅಲ್ಲೇ ಇದ್ದ ಡೆನಿಮ್ ಬಟ್ಟೆಯ ತಾನಿನ ಮೇಲೆ ಬಾರಿಸಿ ನೋಡಿದರು. ಒಂದು ಸಲ ತಪ್ಪಿತು, ಇನ್ನೊಂದು ಸಲ ತಪ್ಪಿತು. ಬಟ್ಟೆಯ ಮೇಲೆ ದಪ್ ದಪ್ ಸದ್ದು. ಕೈಗೆ ಹತ್ತಿದ ಮೇಲೆ ನನ್ನ ಮುಖ ನೋಡಿ, "ಎಡಗೈಗೆ ದಾರಿ ಬಿಡ್ತಾನಲೋ ಇವನು" ಅಂದರು. ಇಪ್ಪತ್ತು ವರ್ಷ ಕೇಳಿ ನನಗೆ ಹೊಳೆಯದ್ದು, ಕೇಳದೇ ಇದ್ದ ಅಪ್ಪನಿಗೆ ಕೈಯಿಂದಲೇ ಹೊಳೆಯಿತು.

ವಯಸ್ಸಾದ ಕಲಾವಿದರು ವೇದಿಕೆ ಬಿಡಬೇಕು, ಹಳೇ ಹೆಸರನ್ನು ಕೆಡಿಸಿಕೊಳ್ಳಬಾರದು ಎಂದು ಹೇಳುವವರಿದ್ದಾರೆ. ಆ ಮಾತು ನನಗೆ ಒಪ್ಪಿಗೆಯಿಲ್ಲ. ನಮ್ಮ ಸುಭದ್ರಮ್ಮ ಮನ್ಸೂರರ ರಂಗಗೀತೆಗಳನ್ನು ಅವರ ಇಳಿವಯಸ್ಸಿನಲ್ಲಿ ಕೇಳಿದವರು ಬಳ್ಳಾರಿಯಲ್ಲಿ ಬೇಕಾದಷ್ಟು ಜನ ಇದ್ದೀರಿ. ಅವರು 2020ರಲ್ಲಿ ತೀರಿಕೊಂಡರು. ಹರೆಯದ ದ್ರೌಪದಿಯ ಗಂಟಲೇ ಬೇಕು ಎಂದು ಯಾರಾದರೂ ಎದ್ದುಹೋದದ್ದು ಉಂಟೇ? ಉಸಿರನ್ನು ಎಲ್ಲಿ ಉಳಿಸಿಕೊಳ್ಳಬೇಕು, ಎಲ್ಲಿ ಪೂರ್ತಿ ಸುರಿಯಬೇಕು ಎಂಬ ತಿಳಿವು ಹರೆಯದ ಗಂಟಲಿಗೆ ಎಲ್ಲಿಂದ ಬರಬೇಕು? ಜಾಗರ್ 2019ರಲ್ಲಿ ಹೃದಯದ ಕವಾಟದ ಚಿಕಿತ್ಸೆ ಮಾಡಿಸಿಕೊಂಡು ಕೆಲವೇ ತಿಂಗಳಿಗೆ ಮತ್ತೆ ವೇದಿಕೆ ಹತ್ತಿದ. 2024ರಲ್ಲಿ ಎಂಬತ್ತು ತುಂಬಿದವನು ಅಮೆರಿಕ ಸುತ್ತಿ ಹಾಡಿ ಬಂದ. ಹಾಡುವಷ್ಟು ದಿನ ಹಾಡಲಿ.

2021ರ ಆಗಸ್ಟ್ 24ರಂದು ಚಾರ್ಲಿ ವಾಟ್ಸ್ ತೀರಿಕೊಂಡ. 1963ರ ಜನವರಿಯಿಂದ ಅದೇ ಬ್ಯಾಂಡಿಗೆ ಬಾರಿಸಿದವನು. ಮಲಗಿದ ಪ್ರತಿಯೊಂದು ಹೋಟೆಲಿನ ಹಾಸಿಗೆಯ ಚಿತ್ರ ಬರೆದಿಡುವುದು ಅವನ ರೂಢಿಯಾಗಿತ್ತು. ಬೆಂಗಳೂರಿನ ಮಂಚವೂ ಆ ಪುಸ್ತಕದಲ್ಲಿ ಎಲ್ಲೋ ಇರಬೇಕೆಂದು ನನ್ನ ಎಣಿಕೆ. ಸುದ್ದಿ ತಿಳಿದ ಮರುದಿನ ನಾವು ನಾಲ್ವರೂ ಸೇರಿದೆವು. ಒಗ್ಗರಣಿ, ಮಿರ್ಚಿ ತರಿಸಿಕೊಂಡು ಕೂತರೆ ಯಾರಿಗೂ ತಿನ್ನುವ ಮನಸ್ಸಿಲ್ಲ. ಮೇಷ್ಟ್ರ ಕಿವಿ ಮಂದವಾಗಿದೆ. ಅವರಿಗೆ ಉಳಿದಿರುವುದು ಜಾಗರನ ಓಟ. ಕಟಿಂಗ್ ಮಾಸ್ಟರಿಗೆ ಮಳೆ ಮತ್ತು ಬಾಬಿ ಕೀಸ್ ಊದಿದ ಸ್ಯಾಕ್ಸೊಫೋನು. ಮಳೆ ಕೊನೆಯ ಹಾಡಿನ ತನಕ ಬಂತು ಎಂದು ಅವರು, ಶುರುವಿಗೇ ನಿಂತಿತು ಎಂದು ರೈಲ್ವೆ ಗೆಳೆಯ. ಇಬ್ಬರೂ ಪಕ್ಕಪಕ್ಕದಲ್ಲಿ ನಿಂತಿದ್ದವರು. ನನ್ನನ್ನು ಕೇಳಿದರು. ನಾನು ದುರ್ಬೀನಿನೊಳಗೆ ಇದ್ದೆ, ನನಗೆ ಮಳೆಯ ನೆನಪೇ ಅಷ್ಟಕ್ಕೆ ಮುಗಿಯುತ್ತದೆ.

ಆ ಹೊತ್ತಿಗೆ ಅಪ್ಪ ಹೋಗಿ ಏಳು ವರ್ಷವಾಗಿತ್ತು. ಡ್ರಮ್ಮಿನ ಚರ್ಮ ಹರಿದಿದೆ, ಕಡ್ಡಿಗಳು ಮಾತ್ರ ನನ್ನ ಯೂನಿಟ್ಟಿನಲ್ಲಿ ಕಟಿಂಗ್ ಮೇಜಿನ ಡ್ರಾಯರಿನಲ್ಲಿವೆ. ಎರಡರಲ್ಲಿ ಎಡಗೈಯದು ಯಾವುದೆಂದು ಕತ್ತಲಲ್ಲೂ ಹೇಳಬಲ್ಲೆ. ಹೆಬ್ಬೆರಳಿನ ಸಂದಿ ಕೂರುತ್ತಿದ್ದ ಜಾಗದಲ್ಲಿ ಅದು ಸವೆದು ತೆಳ್ಳಗಾಗಿದೆ, ಮುಟ್ಟಿದರೆ ನುಣ್ಣಗೆ.

ನಮಸ್ಕಾರ.