ಕಾಯಿಲೆ ಬಿದ್ದಾಗ ರಾಜೀನಾಮೆ ಬರೆಯಬೇಡಿ

ನಮಸ್ಕಾರ. ಇವತ್ತು ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು ಅಂತ ಬಂದಿದ್ದೇನೆ. ಹುಷಾರಿಲ್ಲದೆ ಮಲಗಿರುವಾಗ ರಾಜೀನಾಮೆ ಬರೆದುಕೊಡಬೇಡಿ. ಯಾರು ಕೇಳಿದರೂ ಸರಿ, ಎಷ್ಟು ನಯವಾಗಿ ಕೇಳಿದರೂ ಸರಿ.

ಆ ಫೋನ್ ಬರುವುದು ಹೆಚ್ಚಾಗಿ ಎರಡನೇ ವಾರವೋ ಮೂರನೇ ವಾರವೋ. ಮೊದಲ ವಾರ ಎಲ್ಲರೂ ಒಳ್ಳೆಯವರೇ. "ಚೆನ್ನಾಗಿ ರೆಸ್ಟ್ ತಗೊಳ್ಳಿ, ಆಫೀಸ್ ಚಿಂತೆ ಬಿಡಿ" ಅನ್ನುತ್ತಾರೆ. ಆಮೇಲೆ, ಆಪರೇಷನ್ ಹೊಲಿಗೆ ಇನ್ನೂ ಬಿಚ್ಚಿರುವುದಿಲ್ಲ, ಎದ್ದು ಕೂರೋಕೆ ಇನ್ನೊಬ್ಬರ ಕೈ ಬೇಕು, ಅಂಥ ಹೊತ್ತಲ್ಲಿ ಎಚ್‌ಆರ್ ಕಡೆಯಿಂದ ಕರೆ ಬರುತ್ತದೆ. "ನಿಮ್ಮ ಆರೋಗ್ಯ ಮುಖ್ಯ ಸಾರ್. ಸುಮ್ನೆ ಯಾಕೆ ಟೆನ್ಶನ್? ನೀವೇ ಒಂದು ಲೆಟರ್ ಕೊಟ್ಟುಬಿಡಿ. ರಿಲೀವಿಂಗ್ ಲೆಟರ್, ಎಕ್ಸ್‌ಪೀರಿಯನ್ಸ್ ಲೆಟರ್ ಎಲ್ಲ ನಾವೇ ರೆಡಿ ಮಾಡ್ತೀವಿ. ಹುಷಾರಾದ ಮೇಲೆ ನೋಡೋಣ." ಮೈಯಲ್ಲಿ ಶಕ್ತಿ ಇರುವುದಿಲ್ಲ. ವಾದ ಮಾಡೋಕೆ ಮನಸ್ಸೂ ಇರುವುದಿಲ್ಲ. "ಆಯ್ತು" ಅಂದುಬಿಡುತ್ತೀರಿ.

ಆ ಒಂದು ಹಾಳೆಯಿಂದ ಎಲ್ಲ ತಲೆಕೆಳಗಾಗುತ್ತದೆ. ಕಾನೂನುಗಳು ಕಟ್ಟುಪಾಡು ಹಾಕಿರುವುದು ಮಾಲೀಕರು ಕೆಲಸದಿಂದ ತೆಗೆಯುವುದರ ಮೇಲೆ. ನೀವಾಗಿ ಬಿಟ್ಟು ಹೋದರೆ ಆ ಕಟ್ಟುಪಾಡು ಅವರನ್ನು ಹಿಡಿಯುವುದಿಲ್ಲ. ಅವರು ತೆಗೆದರೆ ಬಹಳಷ್ಟು ಕಡೆ ಕಾರಣ ಕೊಡಬೇಕು, ನೋಟಿಸ್ ಕೊಡಬೇಕು, ನಾಳೆ ಯಾರಾದರೂ ಕೇಳಿದರೆ ಉತ್ತರ ಹೇಳಬೇಕು. ನೀವು ಬಿಟ್ಟರೆ ಇದು ಯಾವುದೂ ಇಲ್ಲ. ಅದಕ್ಕೇ ಆ ಫೋನ್ ಬರುವುದು. ಎದುರಿಗಿರುವವರು ನಿಜವಾಗಿಯೂ ಒಳ್ಳೆಯ ಮನುಷ್ಯರೇ ಇರಬಹುದು. ಆದರೆ ಅವರಿಗೆ ಮೇಲಿನಿಂದ ಬಂದಿರುವ ಕೆಲಸ ನಿಮ್ಮ ಸಹಿ ಪಡೆಯುವುದು.

ಫೋನಲ್ಲಿ ಏನನ್ನೂ ಒಪ್ಪಿಕೊಳ್ಳಬೇಡಿ. "ಮೇಲ್‌ನಲ್ಲಿ ಕಳಿಸಿ, ನೋಡಿ ಹೇಳುತ್ತೇನೆ" ಅಂದರೆ ಸಾಕು. ಎಷ್ಟೋ ಸಲ ಆ ಮೇಲ್ ಬರುವುದೇ ಇಲ್ಲ, ಯಾಕೆಂದರೆ ಆ ಮಾತನ್ನು ಬರವಣಿಗೆಯಲ್ಲಿ ಇಡೋಕೆ ಅವರಿಗೂ ಭಯ. ಆಮೇಲೆ ನೀವೇ ಎರಡು ಸಾಲು ಬರೆಯಿರಿ: ನಾನು ಕೆಲಸ ಬಿಡುತ್ತಿಲ್ಲ, ಅನಾರೋಗ್ಯದ ರಜೆಯಲ್ಲಿದ್ದೇನೆ, ಡಾಕ್ಟರ್ ಸರ್ಟಿಫಿಕೇಟ್ ಜೊತೆಗಿದೆ, ಇಂಥ ದಿನದವರೆಗೆ ವಿಶ್ರಾಂತಿ ಹೇಳಿದ್ದಾರೆ, ಅದು ಮುಂದಕ್ಕೆ ಹೋದರೆ ತಿಳಿಸುತ್ತೇನೆ. ಇಷ್ಟೇ. ಕೈಲಾಗದಿದ್ದರೆ ಮನೆಯವರ ಹತ್ತಿರ ಟೈಪ್ ಮಾಡಿಸಿ. ನಿಮ್ಮ ಸ್ವಂತ ಇಮೇಲ್‌ಗೂ ಒಂದು ಕಾಪಿ ಹಾಕಿ. ಆಫೀಸಿನ ಅಕೌಂಟ್ ಯಾವ ದಿನ ಲಾಕ್ ಆಗುತ್ತದೋ ಹೇಳೋಕಾಗಲ್ಲ.

ಈ ಎರಡು ಸಾಲಿನ ಬೆಲೆ ಗೊತ್ತಾಗುವುದು ಆಮೇಲೆ. ಕಾಯಿಲೆ ಬಿದ್ದವರನ್ನು ಹೊರಗೆ ಹಾಕೋಕೆ ಇನ್ನೊಂದು ದಾರಿ ಇದೆ. ಹೇಳದೆ ಕೇಳದೆ ಕೆಲಸ ಬಿಟ್ಟುಹೋದರು ಅಂತ ದಾಖಲೆ ಮಾಡುವುದು. ಆಫೀಸ್ ಭಾಷೆಯಲ್ಲಿ ಆಬ್ಸ್‌ಕಾಂಡಿಂಗ್. ನೀವು ವಾರ್ಡಿನಲ್ಲಿ ಇರುತ್ತೀರಿ, ನೋಟಿಸ್ ನಿಮ್ಮ ಹಳೇ ಮನೆಯ ವಿಳಾಸಕ್ಕೆ ಹೋಗುತ್ತದೆ, ಉತ್ತರ ಬರಲಿಲ್ಲ ಅಂತ ಫೈಲ್ ಮುಚ್ಚುತ್ತಾರೆ. ಟೀಮ್ ಲೀಡರ್‌ಗೆ ಫೋನಲ್ಲಿ ಹೇಳಿದ್ದೆ ಅಂದರೆ ಅದು ಆ ಫೈಲಿನಲ್ಲಿ ಇರುವುದಿಲ್ಲ. ಮೇಲ್ ಇದ್ದರೆ, ತಾರೀಖು ಸಮೇತ ಇರುತ್ತದೆ.

ಈಗ ಹಕ್ಕಿನ ಮಾತಿಗೆ ಬರೋಣ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1982ರಲ್ಲಿ 158ನೇ ಒಡಂಬಡಿಕೆ ಮಾಡಿತು. ಕೆಲಸದಿಂದ ತೆಗೆಯುವುದಕ್ಕೆ ಏನು ಕಾರಣ ಇರಬೇಕು ಅನ್ನುವುದೇ ಅದರ ವಿಷಯ. 6ನೇ ವಿಧಿಯಲ್ಲಿ ಸ್ಪಷ್ಟವಾಗಿ ಇದೆ: ಕಾಯಿಲೆ ಅಥವಾ ಗಾಯದಿಂದ ತಾತ್ಕಾಲಿಕವಾಗಿ ಕೆಲಸಕ್ಕೆ ಬಾರದಿರುವುದು ಯಾರನ್ನೇ ಆಗಲಿ ತೆಗೆಯೋಕೆ ಸರಿಯಾದ ಕಾರಣ ಆಗುವುದಿಲ್ಲ. ಓದಿದರೆ ಸಮಾಧಾನ ಆಗುತ್ತದೆ, ಅಲ್ವಾ? ಆದರೆ ಅದರ ಕೆಳಗೇ ಇನ್ನೊಂದು ಸಾಲಿದೆ. ತಾತ್ಕಾಲಿಕ ಅಂದರೆ ಎಷ್ಟು ದಿನ, ಸರ್ಟಿಫಿಕೇಟ್ ಯಾವಾಗ ಬೇಕು, ಇದೆಲ್ಲ ಆಯಾ ದೇಶಕ್ಕೆ ಬಿಟ್ಟದ್ದು. ಬಹಳಷ್ಟು ದೇಶಗಳು ಆ ಒಡಂಬಡಿಕೆಯನ್ನು ಒಪ್ಪಿಕೊಂಡೇ ಇಲ್ಲ. ಹಾಗಾಗಿ ನಿಮ್ಮ ಕೆಲಸ ಎಷ್ಟು ಭದ್ರ ಅನ್ನುವುದು ನೀವು ಯಾವ ದೇಶದಲ್ಲಿ ಕಾಯಿಲೆ ಬಿದ್ದಿರಿ ಅನ್ನುವುದರ ಮೇಲೆ ನಿಂತಿದೆ. ಇದು ನನಗೆ ಅನ್ಯಾಯ ಅನಿಸುತ್ತದೆ. ಗಡಿ ದಾಟಿದರೆ ಕ್ಯಾನ್ಸರ್ ಏನೂ ಹಗುರ ಆಗುವುದಿಲ್ಲವಲ್ಲ.

ನೆದರ್‌ಲ್ಯಾಂಡ್ಸ್ ನೋಡಿ. ಅಲ್ಲಿ ಕಾಯಿಲೆಯ ಕಾರಣಕ್ಕೆ ಸಾಮಾನ್ಯವಾಗಿ ಮೊದಲ ಎರಡು ವರ್ಷ ಕೆಲಸದಿಂದ ತೆಗೆಯುವಂತಿಲ್ಲ. ಆ ಅವಧಿಯಲ್ಲಿ ಮಾಲೀಕರು ಕನಿಷ್ಠ 70 ಶೇಕಡಾ ಸಂಬಳ ಕೊಡಬೇಕು. ಅಮೆರಿಕದಲ್ಲಿ 1993ರ ಕುಟುಂಬ ಮತ್ತು ವೈದ್ಯಕೀಯ ರಜೆ ಕಾನೂನು 12 ವಾರ ಕೆಲಸ ಕಾದಿಡುತ್ತದೆ, ಸಂಬಳ ಇಲ್ಲದೆ. ಅದೂ ಕಂಪನಿಯಲ್ಲಿ ಕನಿಷ್ಠ 50 ಜನ ಇರಬೇಕು, ನೀವು ಅಲ್ಲಿ ಒಂದು ವರ್ಷ ದುಡಿದಿರಬೇಕು, ಹಿಂದಿನ 12 ತಿಂಗಳಲ್ಲಿ 1,250 ಗಂಟೆ ತುಂಬಿರಬೇಕು. ಕೆಲಸ ಇದೆ, ಆದರೆ ಮೂರು ತಿಂಗಳು ಕೈಗೆ ಕಾಸಿಲ್ಲ ಅಂದರೆ ಬಾಡಿಗೆ ಮನೆಯಲ್ಲಿ ಇರುವವರು ಏನು ಮಾಡಬೇಕು? ಪೂರ್ತಿ ವಾಸಿಯಾಗುವ ಮೊದಲೇ ಎದ್ದು ಹೋಗುತ್ತಾರೆ. ಸಂಬಳ ಇಲ್ಲದ ರಜೆಯನ್ನು ಹಕ್ಕು ಅಂತ ಕರೆಯೋಕೆ ನನಗೆ ಬಾಯಿ ಬರುವುದಿಲ್ಲ.

ಮಾಲೀಕರ ಕಡೆಯ ಮಾತನ್ನೂ ಕೇಳಬೇಕು, ಅದರಲ್ಲಿ ಸುಳ್ಳಿಲ್ಲ. ಐದು ಜನ ಇರುವ ಸಣ್ಣ ಕಂಪನಿ. ಒಬ್ಬರು ಎರಡು ತಿಂಗಳು ಬರದಿದ್ದರೆ ಉಳಿದ ನಾಲ್ವರ ಮೇಲೆ ಹೊರೆ. ರಜೆಯಲ್ಲಿ ಇರುವವರಿಗೂ ಸಂಬಳ ಕೊಟ್ಟು, ಬದಲಿಗೆ ಬಂದವರಿಗೂ ಕೊಡೋದು ಎಲ್ಲಿಂದ? ಇದಕ್ಕೆ ಉತ್ತರ ಇದೆ, ಹಳೆಯ ಉತ್ತರವೇ. ಜರ್ಮನಿ 1883ರಲ್ಲಿ ಕಾರ್ಮಿಕರ ಕಾಯಿಲೆಗೆ ವಿಮೆ ಕಡ್ಡಾಯ ಮಾಡಿತು. ಆಗ ಕಂತಿನಲ್ಲಿ ಮೂರರಲ್ಲಿ ಎರಡು ಪಾಲು ಕಾರ್ಮಿಕರದ್ದು, ಒಂದು ಪಾಲು ಮಾಲೀಕರದ್ದು. ಇವತ್ತು ಅಲ್ಲಿ ಮೊದಲ ಆರು ವಾರ ಮಾಲೀಕರು ಪೂರ್ತಿ ಸಂಬಳ ಕೊಡುತ್ತಾರೆ, ಆಮೇಲೆ ವಿಮೆ ನೋಡಿಕೊಳ್ಳುತ್ತದೆ. 30 ಜನರವರೆಗಿನ ಸಣ್ಣ ಸಂಸ್ಥೆಗಳಿಗೆ ಬೇರೆ ಏರ್ಪಾಡೇ ಇದೆ. ಇಂಥ ಸಣ್ಣ ಸಂಸ್ಥೆಗಳೆಲ್ಲ ಒಂದು ನಿಧಿಗೆ ಸ್ವಲ್ಪ ಸ್ವಲ್ಪ ಕಟ್ಟುತ್ತವೆ, ಕಾಯಿಲೆಯವರಿಗೆ ಕೊಟ್ಟ ಸಂಬಳದ ದೊಡ್ಡ ಭಾಗ ಆ ನಿಧಿಯಿಂದ ವಾಪಸ್ ಬರುತ್ತದೆ. ಹೀಗಿರುವಾಗ ಸಣ್ಣ ಮಾಲೀಕರ ಕಷ್ಟವನ್ನು ಮುಂದೆ ಮಾಡಿ ಕಾರ್ಮಿಕರ ಹಕ್ಕು ಕಿತ್ತುಕೊಳ್ಳುವುದು ಸರಿಯಲ್ಲ. ಇಬ್ಬರನ್ನೂ ಕಾಪಾಡೋಕೆ ಆಗುತ್ತದೆ.

ಸುಳ್ಳು ಸರ್ಟಿಫಿಕೇಟ್ ತರುವವರು ಇಲ್ವಾ? ಇದ್ದಾರೆ. ಅವರನ್ನು ಹಿಡಿಯಿರಿ, ವಿಚಾರಣೆ ಮಾಡಿ. ಅವರಿಗೋಸ್ಕರ ಡಯಾಲಿಸಿಸ್‌ಗೆ ಹೋಗುವವರನ್ನೂ ಕಳ್ಳರ ಹಾಗೆ ನೋಡಬೇಡಿ.

ಇಲ್ಲಿ ಖಾಸಗಿತನದ ಪ್ರಶ್ನೆಯೂ ಬರುತ್ತದೆ. ಎಷ್ಟೋ ಕಡೆ ಮ್ಯಾನೇಜರ್ ನೇರವಾಗಿ ಕೇಳುತ್ತಾರೆ: "ಏನು ಕಾಯಿಲೆ? ರಿಪೋರ್ಟ್ ತೋರಿಸಿ." ಕೆಲಸಕ್ಕೆ ಬರೋಕೆ ಆಗುತ್ತದೋ ಇಲ್ಲವೋ, ಎಷ್ಟು ದಿನ, ಇಷ್ಟು ಗೊತ್ತಾದರೆ ಅವರ ಕೆಲಸ ನಡೆಯುತ್ತದೆ. ಜರ್ಮನಿಯಲ್ಲಿ ಮಾಲೀಕರಿಗೆ ಹೋಗುವ ಮಾಹಿತಿಯಲ್ಲಿ ಕಾಯಿಲೆಯ ಹೆಸರೇ ಇರುವುದಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಅದನ್ನು ಮಾಲೀಕರು ಕೇಳುವಂತೆಯೇ ಇಲ್ಲ, ಅದು ಕಂಪನಿ ನೇಮಿಸಿಕೊಂಡ ಡಾಕ್ಟರ್ ಮತ್ತು ನಿಮ್ಮ ನಡುವಿನ ಮಾತು. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವವರು, ಗರ್ಭ ಹೋಗಿ ನೋವಿನಲ್ಲಿರುವವರು ಅದನ್ನು ಇಡೀ ಫ್ಲೋರಿಗೆ ಗೊತ್ತಾಗುವ ಹಾಗೆ ಯಾಕೆ ಹೇಳಬೇಕು? ನಿಮ್ಮ ಕಡೆಯ ನಿಯಮ ಅವಕಾಶ ಕೊಟ್ಟರೆ, "ಕೆಲಸ ಮಾಡುವ ಸ್ಥಿತಿಯಲ್ಲಿಲ್ಲ" ಅಂತಷ್ಟೇ ಬರೆದುಕೊಡೋಕೆ ನಿಮ್ಮ ಡಾಕ್ಟರನ್ನು ಕೇಳಿ.

ವಾಪಸ್ ಹೋದ ಮೇಲೆ ಇನ್ನೊಂದು ಪೆಟ್ಟು ಕಾದಿರುತ್ತದೆ. ಅಪ್ರೈಸಲ್, ಅಂದರೆ ವರ್ಷದ ಕೆಲಸಕ್ಕೆ ಅಂಕ ಹಾಕುವುದು. 12 ತಿಂಗಳ ಟಾರ್ಗೆಟ್ ಇಟ್ಟುಕೊಂಡು 9 ತಿಂಗಳ ಕೆಲಸವನ್ನು ಅಳೆಯುತ್ತಾರೆ. ಮೂರು ತಿಂಗಳು ಎಲ್ಲಿದ್ದಿರಿ ಅಂತ ಆ ಫಾರ್ಮಿನಲ್ಲಿ ಒಂದು ಕಾಲಂ ಕೂಡ ಇರುವುದಿಲ್ಲ. ರೇಟಿಂಗ್ ಬೀಳುತ್ತದೆ, ಮುಂದಿನ ಸಲ ಜನ ಕಮ್ಮಿ ಮಾಡುವಾಗ ಅದೇ ರೇಟಿಂಗ್ ತೆಗೆಯುತ್ತಾರೆ. ಕಾಯಿಲೆಗೆ ಕೆಲಸ ಹೋಯಿತು ಅಂತ ಎಲ್ಲಿಯೂ ಬರೆದಿರುವುದಿಲ್ಲ, ಆದರೆ ಹೋಗಿರುವುದು ಅದಕ್ಕೇ. ರಜೆಯ ತಿಂಗಳುಗಳನ್ನು ಕಳೆದು ಟಾರ್ಗೆಟ್ ಲೆಕ್ಕ ಹಾಕಿ ಅಂತ ಬರವಣಿಗೆಯಲ್ಲಿ ಕೇಳಿ, ರೇಟಿಂಗ್ ಬರುವ ಮೊದಲೇ ಕೇಳಿ. ಬಂದ ಮೇಲೆ ಕೇಳಿದರೆ ಸಿಸ್ಟಮ್ ಲಾಕ್ ಆಗಿದೆ ಅನ್ನುತ್ತಾರೆ.

ವಾಪಸ್ ಬಂದ ದಿನವೇ ಹಳೇ ವೇಗದಲ್ಲಿ ಓಡಬೇಕು ಅನ್ನುವುದೂ ತಪ್ಪು. ಜರ್ಮನಿಯಲ್ಲಿ ದಿನಕ್ಕೆ ಎರಡೋ ನಾಲ್ಕೋ ಗಂಟೆಯಿಂದ ಶುರು ಮಾಡಿ, ಡಾಕ್ಟರ್ ಹೇಳಿದ ಹಾಗೆ ನಿಧಾನಕ್ಕೆ ಪೂರ್ತಿ ದಿನಕ್ಕೆ ಬರುವ ಪದ್ಧತಿ ಇದೆ. ವರ್ಷದಲ್ಲಿ ಆರು ವಾರಕ್ಕಿಂತ ಜಾಸ್ತಿ ಕಾಯಿಲೆಯಲ್ಲಿ ಇದ್ದವರನ್ನು ಕೂರಿಸಿ ಮಾತಾಡಿ, ಕೆಲಸಕ್ಕೆ ಮರಳೋಕೆ ಏನು ಸಹಾಯ ಬೇಕು ಅಂತ ಕೇಳುವುದು ಅಲ್ಲಿ ಮಾಲೀಕರ ಕರ್ತವ್ಯ. ಅಲ್ಲಿಯೂ ದೀರ್ಘ ಕಾಯಿಲೆಗೆ ಕೆಲಸ ಹೋಗುವುದುಂಟು. ಆದರೆ ಈ ಮಾತುಕತೆಯನ್ನೇ ಮಾಡದೆ ತೆಗೆದರೆ ಕೋರ್ಟಿನಲ್ಲಿ ಮಾಲೀಕರ ಪಕ್ಷ ಬಹಳ ದುರ್ಬಲ ಆಗುತ್ತದೆ.

ಇಷ್ಟೆಲ್ಲ ಹೇಳಿದ್ದು ಕಾಯಂ ನೌಕರರಿಗೆ. ಗುತ್ತಿಗೆಯವರನ್ನು ಯಾರೂ ತೆಗೆಯಬೇಕಾಗಿಯೇ ಇಲ್ಲ, ಗುತ್ತಿಗೆ ಮುಗಿದಾಗ ಮುಂದುವರಿಸದಿದ್ದರೆ ಆಯಿತು. ಆ್ಯಪ್‌ನಲ್ಲಿ ಡೆಲಿವರಿ ಮಾಡುವವರಿಗೆ ಫೋನ್ ಮಾಡಿ ರಾಜೀನಾಮೆ ಕೇಳುವವರೂ ಇಲ್ಲ. ಕಾಲು ಮುರಿದು ಮಲಗಿದರೆ ಅವತ್ತಿನಿಂದ ಆರ್ಡರ್ ಇಲ್ಲ, ದುಡ್ಡಿಲ್ಲ. ನನ್ನ ಪ್ರಕಾರ ಮೊದಲು ಆಗಬೇಕಾದ ಕೆಲಸ ಇದು. ಕಾಯಿಲೆಯ ವಿಮೆ ನೌಕರಿಯ ಹಣೆಪಟ್ಟಿಗೆ ಅಂಟಿಕೊಂಡಿರಬಾರದು, ದುಡಿದ ಗಂಟೆಗೆ ಅಂಟಿಕೊಂಡಿರಬೇಕು. ಯಾರಿಗೋಸ್ಕರ ಆ ಗಂಟೆ ದುಡಿದರೋ ಅವರು, ಕಂಪನಿಯಾಗಲಿ ಆ್ಯಪ್ ಆಗಲಿ ಗುತ್ತಿಗೆದಾರರಾಗಲಿ, ಅದರ ಪಾಲು ಕಟ್ಟಬೇಕು. ನಿಮ್ಮ ಸಂಘ ಮುಂದಿನ ಸಲ ಬೇಡಿಕೆ ಪಟ್ಟಿ ಮಾಡುವಾಗ ಇದನ್ನು ಬೋನಸ್ಸಿಗಿಂತ ಮೇಲೆ ಬರೆಸಿ.