ಒಂದೇ ಒಂದು ಚಿಕ್ಕ ಚೇಂಜ್ ಸಾರ್

ನಮಸ್ಕಾರ. ಫ್ರೀಲಾನ್ಸ್ ಆಗಿ ವೆಬ್‌ಸೈಟ್ ಮಾಡಿಕೊಡುವ ನನ್ನಂಥವರಿಗೆ ರಾತ್ರಿ ಹತ್ತೂವರೆಗೆ ವಾಟ್ಸಾಪ್ ಸದ್ದಾದರೆ ಎದೆ ಧಸಕ್ ಅನ್ನುತ್ತೆ. ‘ಒಂದೇ ಒಂದು ಚಿಕ್ಕ ಚೇಂಜ್ ಸಾರ್.’ ಕೆಳಗೆ ಏಳು ನಿಮಿಷದ ವಾಯ್ಸ್ ನೋಟ್.

ಹಿಂದೆ ಕ್ಲೈಂಟನ್ನು ಬೈದುಕೊಂಡು ಸುಮ್ನಾಗುತ್ತಿದ್ದೆ. ಈಗ ಅನ್ನಿಸುತ್ತೆ, ಬಣ್ಣ, ಲೋಗೋ ಸೈಜು ಎಲ್ಲ ನೆಪ. ‘ಕೆಲಸ ಮುಗೀತು’ ಅಂತ ಹೇಳುವವರು ಯಾರು? ಜಗಳ ಇರೋದು ಅಲ್ಲಿ. ‘ಸೈಟ್ ಲೈವ್ ಆದಮೇಲೆ ಬಾಕಿ ದುಡ್ಡು’ ಅಂದಾಗ ತಲೆಯಾಡಿಸಿದಿರೋ, ಜುಟ್ಟು ಅವರ ಕೈಗೆ ಕೊಟ್ಟಿರಿ.

ಒಬ್ಬರಿಗೆ ಕನ್ನಡದಲ್ಲೇ ಸೈಟ್ ಬೇಕಿತ್ತು. ಖುಷಿಯಾಯ್ತು. ಎರಡು ತಿಂಗಳು ಕಾಯಿಸಿ ಮ್ಯಾಟರ್ ಕಳಿಸಿದರು. ನೋಡಿದರೆ ಹಳೇ ನುಡಿ ಫಾಂಟು, ಎಲ್ಲ ಕಂಪ್ಯೂಟರಿನಲ್ಲೂ ಕನ್ನಡವಾಗೇ ಕಾಣುವ ಯೂನಿಕೋಡ್ ಅಲ್ಲ. ಪೇಜಿಗೆ ಪೇಸ್ಟ್ ಮಾಡಿದೆ. ಮೀಸೆ ಕೊಂಬು ಬಂದ ಇಂಗ್ಲಿಷ್ ಅಕ್ಷರಗಳು! ‘ನ’ ಇರಬೇಕಾದ ಕಡೆಯೆಲ್ಲ ಪೌಂಡಿನ ಗುರುತು. (ದುಡ್ಡಾದರೂ ಪೌಂಡಿನಲ್ಲಿ ಬಂದಿದ್ದರೆ!) ‘ನಮ್ಮ ಆಫೀಸಲ್ಲಿ ಸರಿಯಾಗೇ ಕಾಣುತ್ತಲ್ಲ?’ ಅಂದರು. ಕಾಣುತ್ತೆ, ಅಲ್ಲಿ ಆ ಫಾಂಟ್ ಇದೆ. ಕನ್ವರ್ಟರಿಗೆ ಹಾಕಿದೆ, ಒತ್ತಕ್ಷರಗಳು ಅಲ್ಲಲ್ಲಿ ಕೆಟ್ಟವು. ಮೂರು ದಿನ ಕೂತು ಒಂದೊಂದೇ ತಿದ್ದಿದೆ. ಅದಕ್ಕೆ ದುಡ್ಡು ಕೇಳಲಿಲ್ಲ. ಸಂಕೋಚ. ತಪ್ಪು ನನ್ನದೇ, ಅಲ್ವಾ?

ಈಗ ಅರ್ಧ ಅಡ್ವಾನ್ಸ್. ಮ್ಯಾಟರ್ ಯೂನಿಕೋಡಿನಲ್ಲೇ. ತಿದ್ದುಪಡಿ ಎರಡು ಸಲ ಫ್ರೀ, ಆಮೇಲೆ ಗಂಟೆ ಲೆಕ್ಕ. ಬಾಕಿ ಇಂಥ ತಾರೀಖಿಗೆ, ಸೈಟ್ ಲೈವ್ ಆಗಲಿ ಬಿಡಲಿ. ಇಷ್ಟೂ ಇಮೇಲಿನಲ್ಲಿ ಹಾಕಿ, ಅವರಿಂದ ‘ಓಕೆ’ ಬಂದಮೇಲೇ ಲ್ಯಾಪ್‌ಟಾಪ್ ತೆಗೆಯೋದು.

ಕೆಲಸ ಹಿಡಿಯೋ ಮೊದಲೇ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ) ಮಾಡಿಸಿಕೊಳ್ಳಿ. ಆನ್‌ಲೈನಲ್ಲಿ ಪುಕ್ಕಟೆ. ಅದು ಇದ್ದವರನ್ನು ಕಾಯುವ 2006ರ ಎಂಎಸ್‌ಎಂಇಡಿ (ಸಣ್ಣ ಉದ್ಯಮಗಳ) ಕಾಯ್ದೆಯಲ್ಲಿ ನನಗೆ ತುಂಬಾ ಹಿಡಿಸಿದ ಮಾತೊಂದಿದೆ. ಕೆಲಸ ಒಪ್ಪಿಸಿದ 15 ದಿನದೊಳಗೆ ತಕರಾರು ಲಿಖಿತವಾಗಿ ಬರದಿದ್ದರೆ, ಒಪ್ಪಿಕೊಂಡ ಹಾಗೇ ಲೆಕ್ಕ. ದುಡ್ಡಿಗೆ ಎಷ್ಟೇ ಗಡುವು ಬರೆದುಕೊಂಡರೂ 45 ದಿನ ದಾಟುವ ಹಾಗಿಲ್ಲ. ದಾಟಿದರೆ ಆರ್‌ಬಿಐ ಗೊತ್ತುಮಾಡುವ ‘ಬ್ಯಾಂಕ್ ರೇಟ್’ ಅನ್ನೋ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ನಾನು ಯಾರ ಮೇಲೂ ದೂರು ಕೊಟ್ಟಿಲ್ಲ. ಇನ್‌ವಾಯ್ಸ್ ಕೆಳಗೆ ಉದ್ಯಮ್ ನಂಬರ್ ಹಾಕಿರುತ್ತೇನೆ, ಅಷ್ಟೆ.

ಮೊನ್ನೆ ರಾತ್ರಿ ಮತ್ತೆ ‘ಚಿಕ್ಕ ಚೇಂಜ್’ ಬಂತು. ಮೂರನೇ ಸಲ. ‘ಆಯ್ತು ಸಾರ್, ಎರಡು ಗಂಟೆ ಕೆಲಸ. ಬೆಳಗ್ಗೆ ಬಿಲ್ ಕಳಿಸಲಾ?’ ಅಂದೆ.

ನೀಲಿ ಟಿಕ್ ಬಿತ್ತು. ಟೈಪಿಂಗ್, ನಿಂತಿತು, ಮತ್ತೆ ಟೈಪಿಂಗ್.

‘ಬೇಡ ಬಿಡಿ ಸಾರ್, ಈಗಿರೋದೇ ಚೆನ್ನಾಗಿದೆ.’