ಒಂದೇ ಬೇಡಿಕೆ, ಮೂರು ಕಿವಿ

ಎಲ್ಲರಿಗೂ ಶರಣು.

ಊರಿನ ಬೇಡಿಕೆಯನ್ನು ಕೇಳುವವರಿಗೆ ತಕ್ಕಂತೆ ಹೇಗೆ ಹೇಳುವುದು ಅನ್ನುವುದು ಇವತ್ತಿನ ವಿಷಯ. ಮನವಿ ಪತ್ರದ ಕೊನೆಯ ಸಾಲಿನಿಂದಲೇ ಶುರು ಮಾಡೋಣ. "ಆದ್ದರಿಂದ ಕೂಡಲೇ ಸೂಕ್ತ ಕ್ರಮ ಕೈಗೊಳ್ಳಬೇಕೆಂದು ಒತ್ತಾಯಿಸುತ್ತೇವೆ." ಈ ಸಾಲು ಬರೆಯದವರು ಈ ಸಭೆಯಲ್ಲಿ ಕಡಿಮೆ. ಯಾರು ಮಾಡಬೇಕು, ಏನು ಮಾಡಬೇಕು, ಯಾವ ತಾರೀಖಿನೊಳಗೆ? ಒಂದಕ್ಕೂ ಇದರಲ್ಲಿ ಉತ್ತರವಿಲ್ಲ. "ಪರಿಶೀಲಿಸಿ" ಎಂದು ಷರಾ ಬರೆದು ಕಡತವನ್ನು ಮುಂದಿನ ಟೇಬಲ್ಲಿಗೆ ದಾಟಿಸಿದರೂ ಅದು ಸೂಕ್ತ ಕ್ರಮವೇ. ನೀವು ಕೇಳಿದ್ದನ್ನೇ ಕೊಟ್ಟಿದ್ದಾರೆ, ಇನ್ನು ತಕರಾರು ಮಾಡುವಂತಿಲ್ಲ.

ಇವತ್ತು ಒಂದೇ ಬೇಡಿಕೆ ಇಟ್ಟುಕೊಂಡು ಮಾತಾಡುತ್ತೇನೆ. ತೊಗರಿ ರಾಶಿಗೆ, ಅಂದರೆ ಒಕ್ಕಣೆಗೆ ಮೊದಲೇ, ಬೆಂಬಲ ಬೆಲೆಗೆ ಮಾಲು ಕೊಳ್ಳುವ ಸರ್ಕಾರಿ ಖರೀದಿ ಕೇಂದ್ರ ತೆರೆಯಬೇಕು. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಎಳ್ಳಮಾಸಿ (ಎಳ್ಳ ಅಮಾವಾಸ್ಯೆ) ಆಸುಪಾಸಿಗೆ ರಾಶಿ ಜೋರಾಗುತ್ತದೆ. ಆಗ ಖರೀದಿ ಕೇಂದ್ರದ ಬಾಗಿಲು ಮುಚ್ಚಿದ್ದರೆ ಸಣ್ಣ ರೈತರ ಮಾಲು ನೇರ ಗಂಜ್‌ಗೆ, ಅಂದರೆ ವರ್ತಕರ ಮಾರುಕಟ್ಟೆಗೆ ಹೋಗುತ್ತದೆ. ಈ ಮಾತನ್ನು ಮೂರು ಕಡೆ ಹೇಳಬೇಕಿದೆ: ಊರ ಕಟ್ಟೆಯ ಮೇಲೆ ರೈತರಿಗೆ, ಜಿಲ್ಲಾಧಿಕಾರಿ ಕಚೇರಿಯಲ್ಲಿ, ಪತ್ರಿಕೆ ಓದುವ ಪೇಟೆಯವರಿಗೆ. ಒಂದೇ ಭಾಷಣವನ್ನು ಮೂರೂ ಕಡೆ ಓದಿದರೆ ಎರಡು ಕಡೆ ಖಂಡಿತ ಸೋಲುತ್ತೀರಿ.

ಯಾಕೆ ಅಂತ ಹೇಳುತ್ತೇನೆ. "ಮೋಡ ಆಗ್ಯಾದ, ರಾಶಿ ಮ್ಯಾಲ ತಾಡಪತ್ರಿ ಹಾಕ್ರಿ" ಅಂದರೆ ನಮ್ಮಲ್ಲಿ ಯಾರೂ ಯಾಕೆ ಅಂತ ಕೇಳುವುದಿಲ್ಲ. ಕಾಳು ತೊಯ್ದರೆ ಕೆಡುತ್ತದೆ ಅನ್ನುವುದನ್ನು ಹೇಳಲೇ ಇಲ್ಲ, ಅದು ಕೇಳುವವರ ತಲೆಯಲ್ಲೇ ಇತ್ತು. ಹೀಗೆ ಒಂದು ಕೊಂಡಿಯನ್ನು ಕೇಳುಗರಿಗೇ ಬಿಡುವ ತರ್ಕವನ್ನು ಕ್ರಿಸ್ತಪೂರ್ವ 4ನೇ ಶತಮಾನದ ಗ್ರೀಕ್ ಚಿಂತಕ ಅರಿಸ್ಟಾಟಲ್ ಎಂಥಿಮೀಮ್ ಎಂದು ಕರೆದ. ಒಪ್ಪಿಸುವ ಮಾತಿನ ಜೀವ ಇರುವುದೇ ಅದರಲ್ಲಿ ಎಂಬುದು ಅವನ ನಿಲುವು. ವಕ್ತೃವಿನ ಮೇಲಿನ ನಂಬಿಕೆ, ಕೇಳುಗರ ಭಾವ, ಮಾತಿನ ತರ್ಕ ಎಂಬ ಅವನ ಮೂರು ಸಾಧನಗಳನ್ನು ಕಾಲೇಜಿನಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದೀರಿ. ಈ ಬಿಟ್ಟ ಕೊಂಡಿಯ ವಿಚಾರ ಮಾತ್ರ ಯಾರಿಗೂ ನೆನಪಿರುವುದಿಲ್ಲ.

ಹಾಗಾಗಿ ಬರೆಯುವ ಮೊದಲು ಮೂರು ಸಾಲು ಹಾಕಿಕೊಳ್ಳಿ. ಮೊದಲನೆಯದು ಬೇಡಿಕೆ. ಎರಡನೆಯದು "ಯಾಕಂದರೆ" ಎಂದು ಶುರುವಾಗುವ ಕಾರಣ. ಮೂರನೆಯದು, ಆ ಕಾರಣ ಹಿಡಿಸಬೇಕಾದರೆ ಕೇಳುವವರು ಮೊದಲೇ ಏನು ನಂಬಿರಬೇಕು ಅನ್ನುವುದು. ಈ ಮೂರನೇ ಸಾಲು ಜನ ಬದಲಾದ ಹಾಗೆ ಬದಲಾಗುತ್ತದೆ.

ಕಟ್ಟೆಗೆ ಹೋಗೋಣ. ಕಾರಣ: ಗಂಜ್‌ನಲ್ಲಿ ರೇಟು ಕಮ್ಮಿ. ಮೂರನೇ ಸಾಲು: ಕೇಂದ್ರಕ್ಕೆ ಹಾಕಿದರೆ ನನಗೆ ಲಾಭ. ರೈತರು ಇದನ್ನು ನಂಬಿದ್ದಾರೆಯೇ? ಬಹಳ ಸಲ ಇಲ್ಲ. ಅಡತಿಯವರು, ಅಂದರೆ ಗಂಜ್‌ನ ದಲ್ಲಾಳಿಗಳು, ಕೈಗೆ ದುಡ್ಡು ಬೇಗ ಕೊಡುತ್ತಾರೆ, ಬೀಜ ಗೊಬ್ಬರಕ್ಕೆ ಮುಂಗಡ ಕೊಟ್ಟವರೂ ಅವರೇ. ಅಲ್ಲಿ ನಿಂತು ಅಡತಿಯವರನ್ನು ಬೈದರೆ ಚಪ್ಪಾಳೆ ಬೀಳಬಹುದು, ಮರುದಿನ ಚೀಲ ಮಾತ್ರ ಅಡತಿಗೇ ಹೋಗುತ್ತದೆ. ಅಲ್ಲಿ ಬೇಕಾದ್ದು ಲೆಕ್ಕ. ಗಂಜ್‌ನಲ್ಲಿ 6,800 ನಡೆದಿದೆ ಅಂತಿಟ್ಟುಕೊಳ್ಳಿ. 10 ಕ್ವಿಂಟಲಿಗೆ ವ್ಯತ್ಯಾಸ 12,000. ಮಾಲು ಎರಡು ತಿಂಗಳು ತಡೆದರೆ 50,000 ಸಾಲಕ್ಕೆ ತಿಂಗಳಿಗೆ ನೂರಕ್ಕೆ ಎರಡರಂತೆ ಬಡ್ಡಿ 2,000. ಕೈಯಲ್ಲಿ ಉಳಿಯುವುದು 10,000. ಇದನ್ನು ಬಾಯಲ್ಲಿ ಹೇಳಬೇಡಿ, ಒಂದು ರಟ್ಟಿನ ಮೇಲೆ ದೊಡ್ಡ ಅಂಕಿಯಲ್ಲಿ ಬರೆದು ತೋರಿಸಿ, ಆ ದಿನದ ಗಂಜ್ ರೇಟನ್ನು ಅವರಿಂದಲೇ ಕೇಳಿ ತುಂಬಿ. ತಾವೇ ಹೇಳಿದ ಅಂಕಿಯನ್ನು ಯಾರೂ ಸುಳ್ಳು ಅನ್ನುವುದಿಲ್ಲ.

ಇನ್ನು ಜಿಲ್ಲಾಧಿಕಾರಿ ಕಚೇರಿ. ನಮ್ಮ ಮನವಿಗಳು ಹೆಚ್ಚಾಗಿ ಎಡವುವುದು ಇಲ್ಲಿ. "ಸಾಹೇಬ್ರ, ಕೇಂದ್ರ ತೆರೀರಿ" ಅನ್ನುವ ಮಾತಿನ ಮೂರನೇ ಸಾಲು "ತೆರೆಯುವುದು ನಿಮ್ಮ ಕೈಯಲ್ಲಿದೆ" ಎಂಬುದು. ಅದು ಅವರ ಕೈಯಲ್ಲಿಲ್ಲ. ಬೆಂಬಲ ಬೆಲೆ ಯೋಜನೆಯಲ್ಲಿ ರಾಜ್ಯ ಸರ್ಕಾರ ಪ್ರಸ್ತಾವ ಕಳಿಸಬೇಕು, ದೆಹಲಿಯಿಂದ ಮಂಜೂರಾತಿ ಬರಬೇಕು. ತನ್ನ ಅಧಿಕಾರದಲ್ಲಿ ಇಲ್ಲದ್ದನ್ನು ಕೇಳಿಸಿಕೊಂಡ ಅಧಿಕಾರಿಗೆ "ಮೇಲಕ್ಕೆ ಬರೆಯುತ್ತೇವೆ" ಎಂದು ಎದ್ದು ನಿಲ್ಲುವುದು ಬಹಳ ಸುಲಭ. ಜಿಲ್ಲಾ ಮಟ್ಟದಲ್ಲಿ ಆಗುವುದು ಕೇಂದ್ರದ ಜಾಗ ಗುರುತಿಸುವುದು, ತಯಾರಿ ನೋಡುವುದು. ಕೇಳಬೇಕಾದ್ದೂ ಅದನ್ನೇ. ಆಗ ಕೊನೆಯ ಸಾಲು ಹೀಗಾಗುತ್ತದೆ: "ನಮ್ಮ ಆರು ಹಳ್ಳಿಗಳಿಗೆ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಕೇಂದ್ರ ಗುರುತಿಸಿ, ಡಿಸೆಂಬರ್ 1ರೊಳಗೆ ಗೋಣಿಚೀಲ, ತೂಕದ ಯಂತ್ರ, ತೇವಾಂಶ ಅಳೆಯುವ ಯಂತ್ರ ಬಂದಿರುವಂತೆ ಆದೇಶಿಸಬೇಕು, ಆದೇಶದ ಪ್ರತಿಯನ್ನು ನಮಗೆ ಕೊಡಬೇಕು." ಇದಕ್ಕೆ ಆಗುತ್ತದೆ ಅನ್ನಬೇಕು, ಇಲ್ಲ ಆಗುವುದಿಲ್ಲ ಅನ್ನಬೇಕು. ಎರಡರಲ್ಲಿ ಯಾವುದು ಬಂದರೂ ನಿಮಗೆ ಮುಂದಿನ ದಾರಿ ಗೊತ್ತಾಗುತ್ತದೆ. ಒಂದೇ ಪತ್ರದಲ್ಲಿ ರಸ್ತೆ, ಬಸ್ಸು, ತೊಗರಿ ಅಂತ ಒಂಬತ್ತು ಬೇಡಿಕೆ ತುಂಬಬೇಡಿ. ಎಲ್ಲಕ್ಕಿಂತ ಸುಲಭವಾದದ್ದೊಂದನ್ನು ಮಾಡಿ "ಈಡೇರಿಸಲಾಗಿದೆ" ಎಂದು ಬರೆಯುತ್ತಾರೆ.

ಅಲ್ಲೇ ಇನ್ನೊಂದು ತಪ್ಪಾಗುತ್ತದೆ, ಅದು ಕಾಲದ ತಪ್ಪು. ಮಾತಿಗೆ ಮೂರು ಕಾಲ ಎಂದು ಅರಿಸ್ಟಾಟಲ್ಲನೇ ಹೇಳುತ್ತಾನೆ. ಹಿಂದೆ ನಡೆದದ್ದರ ಮೇಲೆ ತಪ್ಪು ಯಾರದು ಎಂಬ ವಾದ, ಅದು ಕೋರ್ಟಿನದು. ಹೊಗಳಿಕೆ ತೆಗಳಿಕೆಯ ಮಾತು ಇವತ್ತಿನದು. ಮುಂದೆ ಏನು ಮಾಡೋಣ ಎನ್ನುವುದು ಸಭೆಯದು. ಸಿಕ್ಕ ಐದು ನಿಮಿಷದಲ್ಲಿ ನಾಲ್ಕನ್ನು ಹೋದ ವರ್ಷ ಎಷ್ಟು ತಡವಾಯಿತು ಎಂಬ ಸಿಟ್ಟಿಗೆ ಕಳೆದರೆ, ಎದುರಿನವರನ್ನು ಕಟಕಟೆಯಲ್ಲಿ ನಿಲ್ಲಿಸಿದ ಹಾಗೆ. ಕಟಕಟೆಯಲ್ಲಿ ನಿಂತವರು ತಮ್ಮನ್ನು ಸಮರ್ಥಿಸಿಕೊಳ್ಳುತ್ತಾರೆ, ನಿಮ್ಮ ಕೆಲಸ ಮಾಡುವುದಿಲ್ಲ. ಹೋದ ವರ್ಷದ ಎರಡು ತಾರೀಖು ಸಾಕು: ಗಂಜ್‌ಗೆ ಮಾಲು ಬರಲು ಶುರುವಾದ ದಿನ, ಕೇಂದ್ರ ತೆರೆದ ದಿನ. ಮಧ್ಯದ ಅಂತರ ತಾನೇ ಮಾತಾಡುತ್ತದೆ.

ನಂಬಿಕೆ ಹುಟ್ಟುವುದು ಎಲ್ಲಿ ಬಿಟ್ಟುಕೊಡುತ್ತೀರಿ ಅನ್ನುವುದರಲ್ಲಿ. "ತೇವಾಂಶ 12 ಪ್ರತಿಶತಕ್ಕಿಂತ ಜಾಸ್ತಿ ಇದ್ದರೆ ಮಾಲು ವಾಪಸ್ ಕಳಿಸಲಿ, ನಮ್ಮ ತಕರಾರಿಲ್ಲ, ಆದರೆ ಅಳತೆ ನಮ್ಮ ಎದುರಿಗೇ ಆಗಲಿ" ಅನ್ನಿ. ನಿಯಮ ಗೊತ್ತಿದ್ದು ಮಾತಾಡುವವರು ಇವರು ಎಂದು ಆ ಕೋಣೆಯಲ್ಲಿ ಎಲ್ಲರಿಗೂ ತಿಳಿಯುತ್ತದೆ. ಇದಿಷ್ಟೂ ಆದ ಮೇಲೆ ಬೇಕಾದರೆ ಅಂಗಳದಲ್ಲಿ ಕುಳಿತ ಹತ್ತು ಚೀಲದ ಚಿತ್ರ ಕೊಡಿ. ಕಣ್ಣೀರು ಮೊದಲು ಬಂದು ಅಂಕಿ ಆಮೇಲೆ ಬಂದರೆ, ಅಂಕಿಯ ಮೇಲೂ ಅನುಮಾನ ಬರುತ್ತದೆ.

ಪೇಟೆಯ ಓದುಗರ ವಿಷಯ ಚುಟುಕಾಗಿ ಹೇಳುತ್ತೇನೆ. ಅವರ ಮೂರನೇ ಸಾಲು ನಮಗೆ ಉಲ್ಟಾ: ತೊಗರಿ ರೇಟು ಬಿದ್ದರೆ ನನಗೆ ಬೇಳೆ ಅಗ್ಗ. ಈ ಆಕ್ಷೇಪವನ್ನು ಮುಚ್ಚಿಟ್ಟರೆ ಓದುಗರು ಅದನ್ನೇ ಯೋಚಿಸುತ್ತ ಪುಟ ತಿರುಗಿಸುತ್ತಾರೆ. ಮೊದಲ ಪ್ಯಾರಾದಲ್ಲೇ ಅವರ ಮಾತಿನಲ್ಲೇ ಅದನ್ನು ಬರೆದು ಉತ್ತರ ಕೊಡಿ: ರೇಟು ಸಿಗದ ರೈತರು ಬರುವ ವರ್ಷ ಬೇರೆ ಬೆಳೆಗೆ ಹೋಗುತ್ತಾರೆ, ಆಗ ಬೇಳೆಗೆ ಮೊಜಾಂಬಿಕ್, ಮ್ಯಾನ್ಮಾರ್ ಕಡೆ ಇನ್ನಷ್ಟು ನೋಡಬೇಕಾಗುತ್ತದೆ. ಗುಲಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕ ಹೆಮ್ಮೆ ಇಲ್ಲಿನ ಪತ್ರಿಕೆಗೆ ಚೆನ್ನ, ಬೆಂಗಳೂರಿನ ಓದುಗರಿಗೆ ಅದು ಬರೀ ಸುದ್ದಿ.

ಭಾಷೆಯ ವಿಷಯ. ಇಲ್ಲಿಂದ ಕಾಗಿಣಾ ದಂಡೆಗೆ ಹೋದರೆ ಮಳಖೇಡ, ನೃಪತುಂಗನ ರಾಜಧಾನಿ. ಅವನ ಆಸ್ಥಾನದ ಕವಿರಾಜಮಾರ್ಗ ಈ ನಾಡಿನವರಿಗೆ ಹದವರಿತು ನುಡಿಯುವುದೂ ಗೊತ್ತು, ನುಡಿದದ್ದನ್ನು ಅರಿತು ತೂಗುವುದೂ ಗೊತ್ತು ಅನ್ನುತ್ತದೆ. ಎಲ್ಲರೂ ಮೊದಲರ್ಧಕ್ಕೆ ಹೆಮ್ಮೆಪಡುತ್ತಾರೆ. ಮೈಕ್ ಹಿಡಿದವರಿಗೆ ಎರಡನೇ ಅರ್ಧದ ಭಯ ಇರಲಿ. ಕಟ್ಟೆಯ ಮೇಲೆ "ಕನಿಷ್ಠ ಬೆಂಬಲ ಬೆಲೆ" ಬೇಡ, "ಸರ್ಕಾರಿ ರೇಟು" ಅನ್ನಿ. ಬೀದರ್ ಕಡೆ ಮರಾಠಿ, ಉರ್ದು ಮನೆಮಾತಿನವರು ಎದುರಿಗಿದ್ದರೆ ಬೇಡಿಕೆಯ ಒಂದು ಸಾಲನ್ನಾದರೂ ಅವರ ಭಾಷೆಯಲ್ಲಿ ಹೇಳಿ. ಬೇರೆ ಕಡೆಯಿಂದ ಬಂದವರು ಮಾತ್ರ ನಮ್ಮ ಭಾಗದ ಮಾತನ್ನು ನಟಿಸಬೇಡಿ. ಎರಡನೇ ವಾಕ್ಯಕ್ಕೇ ಸಿಕ್ಕಿಬೀಳುತ್ತೀರಿ.

ಐದು ನಿಮಿಷದ ಮಾತಿಗೆ ಅಳತೆ: ಬೇಡಿಕೆ ಮೊದಲ ಅರ್ಧ ನಿಮಿಷದಲ್ಲಿ, ಅಂಕಿ ಮೂರಕ್ಕಿಂತ ಜಾಸ್ತಿ ಬೇಡ, ಆಕ್ಷೇಪ ಒಂದು, ತಾರೀಖು ಒಂದು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿಕೊಳ್ಳಿ. ನಿಮಗೇ ಬೇಸರ ಬಂದ ಜಾಗವನ್ನು ಹೊಡೆದುಹಾಕಿ.

ಈಗ ಎಲ್ಲರೂ ಒಂದು ಹಾಳೆ ತೆಗೆಯಿರಿ. ನಿಮ್ಮ ಊರಿನ ಒಂದು ಬೇಡಿಕೆ, ಅದರ ಯಾಕಂದರೆ, ಮೂರನೇ ಸಾಲು. ಯಾರಿಗೆ ಹೇಳುತ್ತೀರಿ ಎಂಬುದನ್ನು ಮೇಲೆ ಬರೆಯಿರಿ. ಬರೆದ ಮೇಲೆ ಹಾಳೆಯನ್ನು ಪಕ್ಕದವರಿಗೆ ಕೊಡಿ. ಅವರು ಆ ಅಧಿಕಾರಿಯೋ ಆ ರೈತರೋ ಆಗಿ ಮೂರನೇ ಸಾಲಿನ ಮುಂದೆ "ಹೌದು" ಅಥವಾ "ಇಲ್ಲ" ಅಂತ ಗುರುತು ಹಾಕಲಿ. ಹತ್ತು ನಿಮಿಷ ಸಮಯ.